ಸಾಲಿನಲ್ಲಿ ಸಿಕ್ಕ ಅಜ್ಜಿ

2024ರ ಬೇಸಿಗೆ ರಜೆಯಲ್ಲಿ ಮಗನನ್ನು ಬೆಂಗಳೂರಿನ ಹತ್ತಿರದ ಒಂದು ಥೀಮ್ ಪಾರ್ಕಿಗೆ ಕರೆದುಕೊಂಡು ಹೋಗಿದ್ದೆ. ಹಾಸನದಿಂದ ಬೆಳಿಗ್ಗೆ ಐದಕ್ಕೇ ಹೊರಟಿದ್ದೆವು. ರೋಲರ್ ಕೋಸ್ಟರ್‌ಗೆ ಕಾದಿದ್ದು ಒಂದು ಗಂಟೆ ಹತ್ತು ನಿಮಿಷ. ಕೂತಿದ್ದು ಎರಡು ನಿಮಿಷವೂ ಇಲ್ಲ. ರಜೆ ದಿನ ಜನ ಇದ್ದೇ ಇರುತ್ತಾರೆ, ಕಾಯೋದಕ್ಕೆ ನನ್ನ ತಕರಾರಿಲ್ಲ. ಆದರೆ ಆ ಕಬ್ಬಿಣದ ಕಂಬಿಗಳ ನಡುವೆ ನಿಂತಾಗ ನೋಡೋಕೆ ಇದ್ದದ್ದು ಮುಂದಿನವರ ಬೆನ್ನು ಮಾತ್ರ. ಫೋನು ಲಾಕರಿನಲ್ಲಿತ್ತು. ಮಗ ಕಂಬಿಗೆ ಜೋತುಬಿದ್ದ, ಬೈಸಿಕೊಂಡ, 'ಇನ್ನೆಷ್ಟು ಹೊತ್ತಪ್ಪಾ' ಅಂತ ಇಪ್ಪತ್ತು ಸಲ ಕೇಳಿದ. ಮನೆಗೆ ಬಂದ ಮೇಲೆ ಅಜ್ಜನಿಗೆ ಹೇಳಿದ್ದೂ ಆ ಸಾಲಿನ ಕಥೆಯನ್ನೇ.

ಅಕ್ಟೋಬರಿನಲ್ಲಿ ನಮ್ಮೂರ ದೇವಿ ಹಾಸನಾಂಬೆಯ ಗುಡಿ ಬಾಗಿಲು ತೆರೆಯಿತು. ವರ್ಷಕ್ಕೊಮ್ಮೆ, ದೀಪಾವಳಿ ಹೊತ್ತಿಗೆ ಮಾತ್ರ ದರ್ಶನ. ಸಾಲು ಹೇಗಿರುತ್ತೆ ಅಂತ ನಮ್ಮೂರವರಿಗೆ ಹೇಳಬೇಕಿಲ್ಲ, ಅಲ್ವಾ? 300, 1000 ರೂಪಾಯಿಯ ಟಿಕೆಟ್ಟೂ ಇತ್ತು, ನಾವು ನಿಂತಿದ್ದು ಧರ್ಮದರ್ಶನಕ್ಕೆ. ಮಗನ ಮುಖ ಆಗಲೇ ಊದಿಕೊಂಡಿತ್ತು.

ಮುಂದೆ ಚನ್ನರಾಯಪಟ್ಟಣದ ಕಡೆಯ ಒಬ್ಬರು ಅಜ್ಜಿ. ಅವನ ಕೈಗೆ ಒಂದು ಹಿಡಿ ಕಡ್ಲೆಪುರಿ ಹಾಕಿ 'ಸೊಸೆ ಕಲ್ಲು ಗೊತ್ತಾ ಮಗಾ?' ಅಂದರು. ಒಬ್ಬ ಸೊಸೆ ದಿನಾ ಅಮ್ಮನ ಮುಂದೆ ಬಂದು ಕೂರುತ್ತಿದ್ದಳಂತೆ, ಒಂದಿನ ಅತ್ತೆ ಹಿಂದೆಯೇ ಬಂದು ಬಟ್ಟಲಿನಿಂದ ತಲೆಗೆ ಕುಟ್ಟಿದಾಗ 'ಅಮ್ಮಾ ಹಾಸನಾಂಬೆ' ಅಂತ ಕೂಗಿದಳಂತೆ, ದೇವಿ ಅವಳನ್ನು ಕಲ್ಲಾಗಿಸಿ ತನ್ನ ಹತ್ತಿರವೇ ಇಟ್ಟುಕೊಂಡಳಂತೆ. ಆ ಕಲ್ಲು ವರ್ಷಕ್ಕೆ ಒಂದು ಅಕ್ಕಿಕಾಳಿನಷ್ಟು ಅಮ್ಮನ ಕಡೆ ಸರಿಯುತ್ತೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತೆ. ಆಮೇಲೆ ಒಡವೆ ಕದಿಯಲು ಬಂದು ಕಲ್ಲಾದ ನಾಲ್ವರು ಕಳ್ಳರ ಕಥೆ, ಕಳ್ಳಪ್ಪನ ಗುಡಿ. ಹಿಂದಿದ್ದ ಹುಡುಗರೂ ಕಿವಿ ಕೊಟ್ಟರು. 'ಆಮೇಲೆ ಅಜ್ಜಿ?' ಅನ್ನುತ್ತಾ ಮಗ ಅವರ ಸೆರಗು ಹಿಡಿದೇ ಮುಂದೆ ಸರಿಯುತ್ತಿದ್ದ.

ನನಗೆ ಯಾವತ್ತೋ ವಿಡಿಯೋದಲ್ಲಿ ನೋಡಿದ್ದು ನೆನಪಾಯಿತು. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ 1995ರಲ್ಲಿ ಶುರುವಾದ, ಸಾಹಸದ ಸಿನಿಮಾಗಳ ನಾಯಕ ಇಂಡಿಯಾನಾ ಜೋನ್ಸ್ ಹೆಸರಿನ ರೈಡಿಗೆ ಕಾಯುವ ಜಾಗವೇ ಒಂದು ಪಾಳು ಗುಡಿ. ಗೋಡೆ ತುಂಬಾ ಗುಟ್ಟಿನ ಲಿಪಿ, ಮಕ್ಕಳು ಬಿಡಿಸಿ ಓದಬಹುದು. ಒಂದು ಬಿದಿರು ಕಂಬ ಅಲ್ಲಾಡಿಸಿದರೆ ಸೂರು ಕುಸಿಯುವ ಸದ್ದು ಬರುತ್ತೆ. ಫ್ಲಾರಿಡಾದ ಡಿಸ್ನಿ ಪಾರ್ಕಿನಲ್ಲಿರುವ ಹಾಂಟೆಡ್ ಮ್ಯಾನ್ಷನ್ ಅನ್ನೋ ಭೂತಬಂಗಲೆ ರೈಡಿನ ಸಾಲಿನಲ್ಲಿ 2011ರಿಂದ ಮುಟ್ಟಿದರೆ ವಾದ್ಯ ನುಡಿಸುವ ಸಮಾಧಿ ಇದೆ. ರೈಡಿನ ಕಥೆ ಸಾಲಿನಲ್ಲೇ ಶುರುವಾಗಿಬಿಡುತ್ತೆ. ನಾವು ಹೋದ ಪಾರ್ಕಿನವರು ಅಷ್ಟೆಲ್ಲ ಮಾಡೋದು ಬೇಡ, ಗೋಡೆ ಮೇಲೆ ನಾಲ್ಕು ಒಗಟು ಬರೆಸಿದ್ದರೂ ಸಾಕಿತ್ತು. ಆದರೆ ಸಾಲು ಬೇಜಾರಾದರೆ ತಾನೇ ಸಾಲು ತಪ್ಪಿಸೋ ಜಾಸ್ತಿ ದುಡ್ಡಿನ ಟಿಕೆಟ್ ಖರ್ಚಾಗೋದು ಅಂತ ನನಗೊಂದು ಅನುಮಾನ.

ಮೂರು ಗಂಟೆ ನಿಂತೆವು. ಮಗ ಒಂದು ಸಲವೂ ಟೈಮ್ ಕೇಳಲಿಲ್ಲ. ಮನೆಗೆ ಬಂದವನೇ ಡಬ್ಬದಿಂದ ಅಕ್ಕಿ ತೆಗೆದು, ಸ್ಕೇಲ್ ಪಕ್ಕ ಜೋಡಿಸಿಕೊಂಡು, ಕಲಿಯುಗ ಮುಗಿಯೋಕೆ ಎಷ್ಟು ವರ್ಷ ಬೇಕು ಅಂತ ಲೆಕ್ಕಕ್ಕೆ ಕೂತ. ಕಾಳನ್ನು ಉದ್ದಕ್ಕೆ ಇಡಬೇಕಾ, ಅಡ್ಡಕ್ಕಾ? ಅಜ್ಜಿ ಅದನ್ನು ಹೇಳಿರಲಿಲ್ಲ.