ಸಿವಿಕ್ಕೋ ಕೊರೊಲ್ಲಾವೋ: ಕೂಲೆಂಟ್ ಎಲ್ಲಿಗೆ ಹೋಗುತ್ತಿತ್ತು ಅಂತ ಕೊನೆಗೂ ಗೊತ್ತಾಯಿತು

ಸಿಕ್ಕಿತು! ನಾನು ಕೊಳ್ಳಲು ನೋಡುತ್ತಿದ್ದ ಹಳೆಯ ಸಿವಿಕ್‌ನ ಬ್ಲಾಕ್ (ಎಂಜಿನ್‌ನ ಮುಖ್ಯ ಲೋಹದ ಭಾಗ) ಬಿರುಕು ಬಿಟ್ಟಿಲ್ಲ. ರೇಡಿಯೇಟರ್ ಕುತ್ತಿಗೆಯಿಂದ (ಕ್ಯಾಪ್ ಕೂರುವ ಜಾಗ) ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ, ಇರುವ ಬಾಟಲಿಗೆ ಹೋಗುವ ತೆಳು ಹೋಸ್ ಇದೆಯಲ್ಲ, ಅದರಲ್ಲಿ ಕಣ್ಣಿಗೆ ಸರಿಯಾಗಿ ಕಾಣದ ಒಂದು ಸೀಳು. ಇಷ್ಟು ದಿನ ನಿದ್ದೆ ಕೆಡಿಸಿದ್ದು ಅದೇ. ಕೈಯಲ್ಲಿ ಇನ್ನೂ ಕೂಲೆಂಟ್ ವಾಸನೆ ಹೋಗಿಲ್ಲ, ಆಗಲೇ ಬರೆಯಲು ಕೂತಿದ್ದೇನೆ.

ಕಳೆದ ಸಲ ಬರೆದಾಗ ನಾನು ಕೊಳ್ಳಬಹುದಾದ ಹಳೆಯ ಗಾಡಿಗಳ ಪಟ್ಟಿಯಲ್ಲಿ ಇನ್ನೂ ಬೇಕಾದಷ್ಟು ಸೆಡಾನ್‌ಗಳಿದ್ದವು. ಅವು ಹೇಗೆ ಹೊರಗೆ ಹೋದವು ಅಂತ ಬೇಗ ಹೇಳಿಬಿಡುತ್ತೇನೆ. 2012ರ ನಂತರದ ಫೋರ್ಡ್ ಫೋಕಸ್ ಆಟೊಮ್ಯಾಟಿಕ್ ಬೇಡ. ಅದರ ಡ್ರೈ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ನಿಧಾನ ವೇಗದಲ್ಲಿ ನಡುಗುವುದಕ್ಕೇ ಹೆಸರುವಾಸಿ. ಮ್ಯಾನುವಲ್ ಸಿಕ್ಕಿದ್ದರೆ ಖಂಡಿತ ನೋಡುತ್ತಿದ್ದೆ, ಸಿಗಲಿಲ್ಲ. 2013ರ ನಂತರದ ನಿಸ್ಸಾನ್ ಸೆಂಟ್ರಾ ವಿಶಾಲವಾಗಿದೆ, ಕಡಿಮೆ ದುಡ್ಡಿಗೂ ಸಿಗುತ್ತದೆ. ಆದರೆ ಹಳೆಯ ಸಿವಿಟಿಯ (ಗೇರ್ ಹಂತಗಳಿಲ್ಲದ ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಎಣ್ಣೆ ಯಾವಾಗ ಬದಲಾಗಿದೆ ಎಂಬ ದಾಖಲೆ ಇಲ್ಲದಿದ್ದರೆ ನಾನು ಹತ್ತಿರ ಹೋಗುವುದಿಲ್ಲ. ಷೆವ್ರೊಲೆ ಕ್ರೂಜ್ 1.4 ಟರ್ಬೊದಲ್ಲಿ ವಾಟರ್ ಪಂಪ್ ಒಂದು ತಲೆನೋವು. ಎಂಜಿನ್‌ಗೆ ಗಾಳಿ ಕೊಡುವ ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗಿನ ಪಿಸಿವಿ ವಾಲ್ವ್ (ಎಂಜಿನ್ ಒಳಗೆ ಸೇರುವ ಅನಿಲವನ್ನು ಎಳೆದುಕೊಳ್ಳುವ ವಾಲ್ವ್) ಇನ್ನೊಂದು. 2011ರ ನಂತರದ ಹ್ಯುಂಡೈ ಎಲಾಂಟ್ರಾ 1.8 ಚೆನ್ನಾಗಿಯೇ ಇತ್ತು, ಆದರೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಅನ್ನುತ್ತಿತ್ತು. ಆ ಎಂಜಿನ್‌ನಲ್ಲಿ ಪಿಸ್ಟನ್ ಸದ್ದಿನ ದೂರು ಹಳೆಯದು. ಬಿಸಿಯಾದ ಮೇಲೂ ಸದ್ದು ನಿಲ್ಲಲಿಲ್ಲ, ವಾಪಸ್ ಬಂದೆ.

ಬಿಟ್ಟುಕೊಡಲು ನಿಜವಾಗಿ ಬೇಜಾರಾಗಿದ್ದು ಮೊದಲ ತಲೆಮಾರಿನ ಮಾಜ್ಡಾ 3. ಈ ಬಜೆಟ್‌ನಲ್ಲಿ ಇಷ್ಟು ಚೆಂದದ ಸ್ಟೀರಿಂಗ್ ಬೇರೆ ಯಾವ ಗಾಡಿಯಲ್ಲೂ ಇಲ್ಲ. ಆದರೆ ಹಿಂದಿನ ಚಕ್ರದ ಕಮಾನಿನ ಒಳಗೆ ಬೆರಳು ಹಾಕಿ ನೋಡಿದರೆ ತುಕ್ಕು ಪುಡಿಪುಡಿಯಾಗಿ ಕೈಗೆ ಬಂತು. ಹೊರಗೆ ಪೇಂಟ್ ಉಬ್ಬಿದ್ದು ಸ್ವಲ್ಪವೇ, ಒಳಗೆ ತಗಡೇ ಉಳಿದಿರಲಿಲ್ಲ. ಎಂಜಿನ್ ಆದರೆ ಬದಲಾಯಿಸಬಹುದು, ಬಾಡಿ ಕೊಳೆತರೆ ಏನು ಮಾಡುವುದು?

ಉಳಿದಿದ್ದು ಎರಡು: 2010ರ ಕೊರೊಲ್ಲಾ ಮತ್ತು 2008ರ ಸಿವಿಕ್. ಎರಡೂ 1.8 ಲೀಟರ್, ಎರಡಕ್ಕೂ ಟೈಮಿಂಗ್ ಚೈನ್. ಕೊರೊಲ್ಲಾದ 2ಝಡ್‌ಆರ್ ಎಂಜಿನ್ ಗಟ್ಟಿ. ವಾಟರ್ ಪಂಪ್ ಸೋರುವುದು ಬಿಟ್ಟರೆ ದೊಡ್ಡ ದೂರಿಲ್ಲ. ಸೋರಿದರೂ ಪಂಪ್ ಸುತ್ತ ಗುಲಾಬಿ ಬಣ್ಣದ ಪುಡಿ ಕಟ್ಟಿಕೊಂಡು ತಾನೇ ತೋರಿಸಿಕೊಡುತ್ತದೆ. ಗೇರ್‌ಬಾಕ್ಸ್ ಹಳೇ ಕಾಲದ 4 ಸ್ಪೀಡ್ ಆಟೊಮ್ಯಾಟಿಕ್. ನಿಧಾನ, ಆದರೆ ನಂಬಬಹುದು. ಸಮಸ್ಯೆ ಏನೆಂದರೆ ಕೊರೊಲ್ಲಾ ಎಂಬ ಹೆಸರಿಗೇ ಒಂದು ಬೆಲೆ ಇದೆ. ಅದೇ ದುಡ್ಡಿಗೆ ಸಿಕ್ಕ ಕೊರೊಲ್ಲಾ ಸಿವಿಕ್‌ಗಿಂತ ತುಂಬಾ ಜಾಸ್ತಿ ಓಡಿತ್ತು. ಸೀಟು ಕುಸಿದಿತ್ತು, ಸಸ್ಪೆನ್ಷನ್ ಪೂರ್ತಿ ಕೆಲಸ ಬೇಡುತ್ತಿತ್ತು.

ಸಿವಿಕ್ ಹಾಗಲ್ಲ. ಒಬ್ಬರೇ ಮಾಲೀಕರು, ಸರ್ವಿಸ್ ಬಿಲ್‌ಗಳೆಲ್ಲ ಫೈಲ್‌ನಲ್ಲಿವೆ, 5 ಸ್ಪೀಡ್ ಆಟೊಮ್ಯಾಟಿಕ್ ನುಣುಪಾಗಿದೆ. ಬೆಲೆಯೂ ಕಡಿಮೆ. ಯಾಕೆ ಕಡಿಮೆ? ರೇಡಿಯೇಟರ್‌ನಲ್ಲಿ ಕೂಲೆಂಟ್ ಇಳಿಯುತ್ತದೆ, ಎಲ್ಲಿಗೆ ಹೋಗುತ್ತದೆ ಅಂತ ಯಾರಿಗೂ ಗೊತ್ತಿಲ್ಲ.

ಈ ಎಂಜಿನ್ ಗೊತ್ತಿರುವವರಿಗೆ ಇಷ್ಟು ಕೇಳಿದರೆ ಸಾಕು, ಎದೆ ಧಸಕ್ ಅನ್ನುತ್ತದೆ. 2006ರಿಂದ 2008ರವರೆಗಿನ ಮತ್ತು 2009ರ ಕೆಲವು ಸಿವಿಕ್‌ಗಳಲ್ಲಿ ಆರ್18 ಎಂಬ ಈ ಎಂಜಿನ್‌ನ ಬ್ಲಾಕ್ ಕೂಲೆಂಟ್ ದಾರಿಯ ಹತ್ತಿರ ಬಿರುಕು ಬಿಡುತ್ತಿತ್ತು. ಹೋಂಡಾ ಕಂಪನಿಯೇ ಇದನ್ನು ಒಪ್ಪಿಕೊಂಡು ಅಮೆರಿಕದಲ್ಲಿ ಬ್ಲಾಕ್‌ನ ವಾರಂಟಿಯನ್ನು 10 ವರ್ಷಕ್ಕೆ ವಿಸ್ತರಿಸಿತ್ತು. ಈಗ ಆ ಅವಧಿ ಮುಗಿದು ಎಷ್ಟೋ ಕಾಲವಾಯಿತು. ಬಿರುಕು ಇದ್ದರೆ ಹೊಸ ಬ್ಲಾಕ್ ಇಲ್ಲವೇ ಬೇರೆ ಎಂಜಿನ್. ಆಗ ಈ ಗಾಡಿ ಕಡಿಮೆ ಬೆಲೆಗೂ ದುಬಾರಿ. ಇಲ್ಲದಿದ್ದರೆ ಇಡೀ ಪಟ್ಟಿಯಲ್ಲಿ ಇದಕ್ಕಿಂತ ಒಳ್ಳೆಯ ಗಾಡಿ ಇಲ್ಲ. ಹಾಗಾಗಿ ಮಾಲೀಕರ ಒಪ್ಪಿಗೆ ಪಡೆದು ಗಾಡಿಯನ್ನು ನನ್ನ ಶೆಡ್‌ಗೆ ತಂದಿಟ್ಟುಕೊಂಡೆ.

ಮಾಮೂಲಿ ಪರೀಕ್ಷೆಗಳನ್ನು ವಿವರಿಸುವ ಅಗತ್ಯವಿಲ್ಲ, ನೀವೂ ಮಾಡಿರುತ್ತೀರಿ. ಎಂಜಿನ್ ಆಯಿಲ್ ಹಾಲಿನಂತೆ ಆಗಿಲ್ಲ, ಅಂದರೆ ಕೂಲೆಂಟ್ ಅದಕ್ಕೆ ಸೇರಿಲ್ಲ. ಸ್ಪಾರ್ಕ್ ಪ್ಲಗ್‌ಗಳು ನಾಲ್ಕೂ ಒಂದೇ ಬಣ್ಣ, ಯಾವುದೂ ತೊಳೆದ ಹಾಗೆ ಬೆಳ್ಳಗಿಲ್ಲ. ಕೂಲೆಂಟ್‌ಗೆ ಎಂಜಿನ್ ಹೊಗೆ ಸೇರಿದೆಯೇ ಎಂದು ತೋರಿಸುವ ಬ್ಲಾಕ್ ಟೆಸ್ಟರ್‌ನ ನೀಲಿ ದ್ರವ ನೀಲಿಯಾಗಿಯೇ ಉಳಿಯಿತು, ಹಳದಿಗೆ ತಿರುಗಲಿಲ್ಲ. ಅಂದರೆ ಹೆಡ್ ಗ್ಯಾಸ್ಕೆಟ್ (ಬ್ಲಾಕ್‌ಗೂ ಅದರ ಮೇಲಿನ ಹೆಡ್‌ಗೂ ನಡುವಿನ ಸೀಲ್) ಸರಿಯಾಗಿದೆ. ಗಾಡಿಯೊಳಗೆ ಬಿಸಿ ಗಾಳಿ ಕೊಡುವ ಹೀಟರ್ ಕೋರ್ ಕೆಳಗಿನ ಕಾರ್ಪೆಟ್ ಒಣಗಿದೆ. ವಾಟರ್ ಪಂಪ್ ಸೋರಿದರೆ ಕೂಲೆಂಟ್ ಹೊರಬರುವ ತೂತಿನಲ್ಲಿ ಕಲೆ ಇಲ್ಲ. ಯುವಿ ಬೆಳಕಿನಲ್ಲಿ ಹೊಳೆಯುವ ಡೈಯನ್ನು ಕೂಲೆಂಟ್‌ಗೆ ಹಾಕಿ, ಹಳದಿ ಕನ್ನಡಕ ಹಾಕಿಕೊಂಡು, ಕನ್ನಡಿ ಹಿಡಿದು ಬ್ಲಾಕ್ ಸುತ್ತ ಯುವಿ ಟಾರ್ಚ್ ಬಿಟ್ಟು ನೋಡಿದೆ. ಎಲ್ಲೂ ಹಸಿರು ಹೊಳಪಿಲ್ಲ.

ರೇಡಿಯೇಟರ್‌ಗೆ ಗಾಳಿ ತುಂಬಿ ಸೋರಿಕೆ ಹುಡುಕುವ ಪ್ರೆಶರ್ ಟೆಸ್ಟರ್ ಕೂಡ ಹಾಗೇ. ಕ್ಯಾಪ್ ಮೇಲೆ ಬರೆದ ಒತ್ತಡದ ಅಂಕಿ 1.1ರವರೆಗೆ ಪಂಪ್ ಮಾಡಿ ಬಿಟ್ಟೆ. ಮುಳ್ಳು ಅಲ್ಲಾಡಲಿಲ್ಲ. ಎಂಜಿನ್ ಬಿಸಿ ಮಾಡಿ ಮತ್ತೆ ನೋಡಿದೆ, ಅದೇ ಕಥೆ. ಆದರೂ ಒಂದು ಸುತ್ತು ಓಡಿಸಿ, ರಾತ್ರಿ ತಣ್ಣಗಾಗಲು ಬಿಟ್ಟು, ಬೆಳಗ್ಗೆ ಕ್ಯಾಪ್ ತೆಗೆದರೆ ಕೂಲೆಂಟ್ ಕೆಳಗಿಳಿದಿರುತ್ತಿತ್ತು. ಎಷ್ಟು ಸಿಟ್ಟು ಬಂದಿರಬೇಕು ನೋಡಿ! ಸೋರಿಕೆ ಇಲ್ಲ ಅಂತ ಸಲಕರಣೆ ಹೇಳುತ್ತದೆ, ಇದೆ ಅಂತ ಗಾಡಿ ಹೇಳುತ್ತದೆ.

ದಾರಿ ತೋರಿಸಿದ್ದು ಒಂದು ತುಂಡು ಟೇಪ್. ಕೂಲೆಂಟ್ ಬಾಟಲಿಯ ಮೇಲೆ ಮಟ್ಟಕ್ಕೆ ಗುರುತು ಅಂಟಿಸಿದೆ. ಸರಿಯಾದ ಗಾಡಿಯಲ್ಲಿ ಏನಾಗಬೇಕು? ಬಿಸಿಯಾದಾಗ ಕೂಲೆಂಟ್ ಹಿಗ್ಗಿ, ಕ್ಯಾಪ್‌ನ ಸ್ಪ್ರಿಂಗ್ ಎತ್ತಿ, ಬಾಟಲಿಗೆ ಹೋಗುತ್ತದೆ. ತಣ್ಣಗಾದಾಗ ರೇಡಿಯೇಟರ್ ಒಳಗೆ ನಿರ್ವಾತ ಹುಟ್ಟಿ, ಕ್ಯಾಪ್ ನಡುವಿನ ಸಣ್ಣ ವಾಲ್ವ್ ತೆರೆದು, ಅಷ್ಟನ್ನೂ ವಾಪಸ್ ಎಳೆದುಕೊಳ್ಳುತ್ತದೆ. ಬಾಟಲಿಯ ಮಟ್ಟ ಏರಬೇಕು, ಇಳಿಯಬೇಕು. ಇಲ್ಲಿ ಏರಿತು, ಇಳಿಯಲೇ ಇಲ್ಲ. ರೇಡಿಯೇಟರ್ ಖಾಲಿಯಾಗುತ್ತಿದ್ದರೂ ಬಾಟಲಿ ತುಂಬಿಯೇ ಇತ್ತು.

ಇನ್ನೊಂದು ಸುಳಿವೂ ಇತ್ತು. ರೇಡಿಯೇಟರ್ ಪೂರ್ತಿ ತುಂಬಿಸಿದ ಮೇಲಿನ ಮೊದಲ ಓಟದಲ್ಲಿ ಮಟ್ಟ ಜಾಸ್ತಿ ಇಳಿಯುತ್ತಿತ್ತು, ಆಮೇಲೆ ನಿಧಾನವಾಗುತ್ತಿತ್ತು. ಬ್ಲಾಕ್ ಬಿರುಕು ಹೀಗೆ ದಯೆ ತೋರಿಸುವುದಿಲ್ಲ, ಅದು ಸೋರುತ್ತಲೇ ಹೋಗುತ್ತದೆ. ಇಲ್ಲಿ ಒಮ್ಮೆ ಮೇಲ್ಭಾಗದಲ್ಲಿ ಗಾಳಿ ತುಂಬಿಕೊಂಡರೆ, ಮುಂದಿನ ಸಲ ಹಿಗ್ಗಿದಾಗ ಹೊರಗೆ ಹೋಗುವುದು ಹೆಚ್ಚಾಗಿ ಆ ಗಾಳಿಯೇ. ಅದಕ್ಕೇ ಇಳಿಯುವುದು ಕಡಿಮೆಯಾಗುತ್ತದೆ. ಮಾಲೀಕರು ಪಾಪ, ಬ್ಲಾಕ್ ಬಗ್ಗೆ ಓದಿ ಹೆದರಿ ಮತ್ತೆ ಮತ್ತೆ ತುಂಬಿಸುತ್ತಿದ್ದರು. ಮತ್ತೆ ಮತ್ತೆ ಇಳಿಯುತ್ತಿತ್ತು.

ಹಾಗಾದರೆ ತಣ್ಣಗಾಗುವಾಗ ಕೂಲೆಂಟ್ ಬದಲು ಗಾಳಿ ಒಳಗೆ ಬರುತ್ತಿದೆ. ಕ್ಯಾಪ್‌ನ ಸಣ್ಣ ವಾಲ್ವ್ ಅಂಟಿಕೊಂಡಿದ್ದರೆ ಮೇಲಿನ ದೊಡ್ಡ ಹೋಸ್ ಒಳಕ್ಕೆ ಚಪ್ಪಟೆಯಾಗಬೇಕಿತ್ತು. ಆಗಿರಲಿಲ್ಲ. ಆಗ ಉಳಿಯುವುದು ಎರಡೇ: ಕ್ಯಾಪ್‌ನ ಮೇಲಿನ ಸೀಲ್, ಅಥವಾ ಬಾಟಲಿಗೆ ಹೋಗುವ ಹೋಸ್. ಎರಡನ್ನೂ ಪ್ರೆಶರ್ ಟೆಸ್ಟರ್ ಮುಟ್ಟುವುದೇ ಇಲ್ಲ! ಟೆಸ್ಟರ್ ಕೂರುವುದು ಕ್ಯಾಪ್‌ನ ಜಾಗದಲ್ಲಿ. ಅದು ಒತ್ತಿ ಹಿಡಿಯುವುದು ಕುತ್ತಿಗೆಯ ಕೆಳಗಿನ ಅಂಚನ್ನು. ಬಾಟಲಿಯ ನಳಿಕೆ ಆ ಅಂಚಿನ ಮೇಲಿದೆ. ಹಾಗಾಗಿ ಆ ಹೋಸ್‌ಗೆ ಒತ್ತಡ ತಲುಪುವುದೇ ಇಲ್ಲ. ಮುಳ್ಳು ಅಲ್ಲಾಡಲಿಲ್ಲ ಅಂತ ಕೂಲಿಂಗ್ ಸಿಸ್ಟಂ ಪೂರ್ತಿ ಸರಿ ಅಂದುಕೊಳ್ಳುವಂತಿಲ್ಲ. ಈ ಒಂದು ಮಾತನ್ನು ದಯವಿಟ್ಟು ಬರೆದಿಟ್ಟುಕೊಳ್ಳಿ.

ಮೊದಲು ಕ್ಯಾಪ್ ಬದಲಿಸೋಣ ಅಂದುಕೊಂಡೆ. ಇಲ್ಲಿ ಬಿಡಿಭಾಗ ಮಾರುವವರ ಬಗ್ಗೆ ಸ್ವಲ್ಪ ಗೊಣಗಲೇಬೇಕು. 1.1 ಕೇಳಿದೆ. ಡಬ್ಬಿಯ ಮೇಲೆ 1.1, ಒಳಗಿದ್ದ ಕ್ಯಾಪ್ ಮೇಲೆ 0.9. ಫೋನ್ ಮಾಡಿದರೆ, "ಎರಡೂ ಕೂರುತ್ತೆ ಸಾರ್, ಹಾಕ್ಕೊಳ್ಳಿ" ಅಂದರು. ಕೂರುತ್ತದೆ ನಿಜ. ಆದರೆ ಒತ್ತಡ ಕಡಿಮೆಯಾದರೆ ಕೂಲೆಂಟ್ ಕುದಿಯುವ ಬಿಂದುವೂ ಇಳಿಯುತ್ತದೆ, ಬೇಗ ಬಾಟಲಿಗೆ ನುಗ್ಗುತ್ತದೆ. ಕೂಲೆಂಟ್ ಎಲ್ಲಿ ಹೋಗುತ್ತಿದೆ ಅಂತ ಹುಡುಕುತ್ತಿರುವವನಿಗೆ ಇದಕ್ಕಿಂತ ಕೆಟ್ಟ ಉಡುಗೊರೆ ಬೇಕಾ? ಕೂಲೆಂಟ್ ಕಥೆಯೂ ಹೀಗೇ. ಹೋಂಡಾದ ನೀಲಿ ಟೈಪ್ 2 ಕೇಳಿದರೆ ಹಸಿರು ಬಂತು, "ಬಣ್ಣ ಅಷ್ಟೇ ಬೇರೆ" ಎಂಬ ಚೀಟಿಯ ಜೊತೆ. ಬಣ್ಣಕ್ಕೆ ಯಾವ ನಿಯಮವೂ ಇಲ್ಲ ಎನ್ನುವುದು ಸರಿ. ಆದರೆ ಒಳಗಿನ ರಾಸಾಯನಿಕ ಬೇರೆ. ಟೈಪ್ 2ರಲ್ಲಿ ಸಿಲಿಕೇಟ್ ಇರುವುದಿಲ್ಲ, ಆ ಹಸಿರು ಡಬ್ಬಿಯಲ್ಲಿ ಇತ್ತು. ಎರಡನ್ನೂ ವಾಪಸ್ ಕಳಿಸಿದೆ.

ಸರಿಯಾದ ಕ್ಯಾಪ್ ಬಂತು, ಹಾಕಿದೆ. ಬಾಟಲಿ ಮಟ್ಟ ಆಗಲೂ ಇಳಿಯಲಿಲ್ಲ. ಇನ್ನು ಹೋಸ್ ಒಂದೇ. ಬಿಚ್ಚಿ, ಒಂದು ತುದಿ ಮುಚ್ಚಿ, ಇನ್ನೊಂದಕ್ಕೆ ಕೈಪಂಪ್ ಹಾಕಿ ನಿರ್ವಾತ ಎಳೆದೆ. ಹಿಡಿಯಿತು! ಒಂದು ಚೂರೂ ಬಿಡಲಿಲ್ಲ. ಆ ಕ್ಷಣ ಹೋಸ್ ಮೂಲೆಗೆ ಬಿಸಾಡುವಷ್ಟು ಸಿಟ್ಟು ಬಂತು.

ಆದರೆ ಬೆಂಚಿನ ಮೇಲೆ ಹೋಸ್ ನೆಟ್ಟಗೆ ಮಲಗಿರುತ್ತದೆ. ಗಾಡಿಯಲ್ಲಿ ಕುತ್ತಿಗೆ ಹತ್ತಿರವೇ ಅದಕ್ಕೊಂದು ಬಿಗಿ ತಿರುವು ಇದೆ. ಅದೇ ರೀತಿ ಬಗ್ಗಿಸಿ ಹಿಡಿದುಕೊಂಡು ಮತ್ತೆ ಎಳೆದೆ. ಮುಳ್ಳು ಸೀದಾ ಸೊನ್ನೆಗೆ ಬಿತ್ತು. ಬಕೆಟ್ ನೀರಿನಲ್ಲಿ ಮುಳುಗಿಸಿ ಊದಿದರೆ, ಕ್ಲಿಪ್ ಕೂರುವ ಜಾಗದ ಅಂಚಿನಲ್ಲಿ ಸಣ್ಣ ಗುಳ್ಳೆಗಳ ಸಾಲು. ಹಳೇ ರಬ್ಬರ್ ಗಟ್ಟಿಯಾಗಿ, ಕ್ಲಿಪ್ ಅಂಚಿನಲ್ಲಿ ಸೀಳಿದೆ. ನೆಟ್ಟಗಿದ್ದರೆ ಸೀಳು ಮುಚ್ಚಿಕೊಳ್ಳುತ್ತದೆ, ಬಗ್ಗಿದರೆ ಬಾಯಿ ಬಿಡುತ್ತದೆ. ಹೊರಗೆ ಹೋಗುವಾಗ ಅಲ್ಲಿ ಒಸರಿದ ಹನಿ ಬಿಸಿ ರೇಡಿಯೇಟರ್ ಮೇಲೆ ಬಿದ್ದು ಅಲ್ಲೇ ಒಣಗುತ್ತಿತ್ತು. ಡೈ ಸಿಗದಿದ್ದಕ್ಕೂ ಉತ್ತರ ಸಿಕ್ಕಿತು: ಕ್ಲಿಪ್ ತೆಗೆದು ಅದರ ಅಡಿಗೆ ಟಾರ್ಚ್ ಬಿಟ್ಟರೆ ಹಸಿರು ಫಳಫಳ.

ಹೊಸ ಹೋಸ್‌ಗೆ ಒಳ ಅಳತೆ ಬರೆದು ಕಳಿಸಿದೆ. ಒಂದು ಸೈಜ್ ದೊಡ್ಡದು ಬಂತು, ಕ್ಲಿಪ್ ಬಿಗಿ ಮಾಡಿಕೊಳ್ಳಿ ಎಂಬ ಸಲಹೆಯೊಂದಿಗೆ. ಬಿಗಿ ಮಾಡಿದ್ದಕ್ಕೇ ತಾನೇ ಹಳೆಯದು ಸೀಳಿದ್ದು? ಬೇರೆ ಕಡೆಯಿಂದ ಸರಿಯಾದದ್ದು ತರಿಸಿ ಹಾಕಿದೆ. ಈಗ ಬಾಟಲಿ ಏರುತ್ತದೆ, ಬೆಳಗ್ಗೆ ಟೇಪ್ ಗುರುತಿಗೆ ಇಳಿದಿರುತ್ತದೆ. ಕ್ಯಾಪ್ ತೆಗೆದರೆ ಕುತ್ತಿಗೆ ತನಕ ಕೂಲೆಂಟ್.

ಇದನ್ನೆಲ್ಲ ಮಾಡುವಾಗ ತಲೆಗೆ ಹೊಕ್ಕಿದ್ದು ಮುಂದಿನ ಪ್ರಾಜೆಕ್ಟ್. ಟೇಪ್ ಬದಲು ಅಳತೆಗಳನ್ನು ತಾನೇ ದಾಖಲಿಸುವ ಲಾಗರ್ ಯಾಕೆ ಬೇಡ? ಸಿವಿಕ್‌ನ ಓಬಿಡಿ ಸಾಕೆಟ್‌ನಲ್ಲಿ (ಎಂಜಿನ್ ಕಂಪ್ಯೂಟರ್‌ನ ಮಾಹಿತಿ ಓದುವ ಸಾಕೆಟ್) ಕ್ಯಾನ್ ಬಸ್, ಅಂದರೆ ಗಾಡಿಯ ಕಂಪ್ಯೂಟರ್‌ಗಳು ಮಾತಾಡುವ ಜಾಲ, ಇದೆ. ಒಂದು ಇಎಸ್‌ಪಿ32 (ಪುಟ್ಟ ಕಂಪ್ಯೂಟರ್ ಚಿಪ್), ಅದನ್ನು ಆ ಜಾಲಕ್ಕೆ ಜೋಡಿಸುವ 3.3 ವೋಲ್ಟ್‌ನ ಒಂದು ಕ್ಯಾನ್ ಟ್ರಾನ್ಸೀವರ್, ಒಂದು ಮೆಮೊರಿ ಕಾರ್ಡ್. ಎಂಜಿನ್ ಕಂಪ್ಯೂಟರ್‌ಗೆ ಪ್ರಶ್ನೆ ಕಳಿಸಿದರೆ ಉತ್ತರ ಬರುತ್ತದೆ. ಕೂಲೆಂಟ್ ತಾಪಮಾನ ಕೇಳುವ ಸಂಕೇತವಾದ ಪಿಐಡಿ 05ಕ್ಕೆ ಬಂದ ಬೈಟ್‌ನಿಂದ 40 ಕಳೆದರೆ ಕೂಲೆಂಟ್ ತಾಪಮಾನ ಸೆಲ್ಸಿಯಸ್‌ನಲ್ಲಿ. ಬಾಟಲಿಗೆ ಹೊರಗಿನಿಂದ ಅಂಟಿಸುವ ಮಟ್ಟದ ಸೆನ್ಸರ್ ಒಂದನ್ನು ಸೇರಿಸಿದರೆ ತಾಪಮಾನ, ಮಟ್ಟ ಎರಡೂ ಒಂದೇ ಗ್ರಾಫ್‌ನಲ್ಲಿ. ಇಂಥ ಸೆನ್ಸರ್ ಬಿಸಿ ಪ್ಲಾಸ್ಟಿಕ್ ಮೇಲೆ ಬಳಸಿದವರು ಇದ್ದರೆ ಖಂಡಿತ ಹೇಳಿ.

ಬ್ಲಾಕ್ ವಿಷಯಕ್ಕೆ ಬರುತ್ತೇನೆ. ಈ ವರ್ಷಗಳ ಬ್ಲಾಕ್ ಮುಂದೆಂದೂ ಬಿರುಕು ಬಿಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಡೈ ಒಳಗೇ ಇರಲಿ ಅಂತ ಬಿಟ್ಟಿದ್ದೇನೆ. ಪ್ರತಿ ಆಯಿಲ್ ಬದಲಾವಣೆಗೂ ಟಾರ್ಚ್ ಬಿಟ್ಟು ನೋಡುತ್ತೇನೆ. ಆದರೆ ಇಷ್ಟು ವರ್ಷ ಓಡಿ, ಬಿಸಿಯಲ್ಲೂ ಒತ್ತಡ ಹಿಡಿದು, ಡೈಗೂ ಏನೂ ತೋರಿಸದ ಬ್ಲಾಕ್ ನನ್ನ ಕಣ್ಣ ಮುಂದಿದೆ. ಹೆಸರು ಚೆನ್ನಾಗಿದೆ ಎಂಬ ಕಾರಣಕ್ಕೆ ಸುಸ್ತಾದ ಕೊರೊಲ್ಲಾ ತೆಗೆದುಕೊಳ್ಳುವುದಕ್ಕಿಂತ ನನಗೆ ಇದೇ ಮೇಲು.

ಮಾಲೀಕರಿಗೆ ಸೀಳಿದ ಹೋಸ್ ತೋರಿಸಿ, ಈಗ ಬೆಲೆ ಏರಿಸಬೇಕು ಅನ್ನಿಸಿದರೆ ಹೇಳಿ ಅಂದೆ. ಅವರು ನಕ್ಕು, ಮೊದಲು ಹೇಳಿದ ಬೆಲೆಗೇ ಕೊಟ್ಟರು. ಕೊರೊಲ್ಲಾದವರಿಗೆ ಬೇಡ ಎಂದು ತಿಳಿಸಿದ್ದೇನೆ.

ಮುಂದಿನದು ವಾಲ್ವ್ ಕ್ಲಿಯರೆನ್ಸ್ (ವಾಲ್ವ್‌ಗೂ ಅದನ್ನು ತಳ್ಳುವ ಭಾಗಕ್ಕೂ ನಡುವಿನ ಸಂದು). ಆರ್18ರಲ್ಲಿ ಆ ಸಂದನ್ನು ತಾನೇ ಹೊಂದಿಸುವ ಹೈಡ್ರಾಲಿಕ್ ಲಿಫ್ಟರ್ ಇಲ್ಲ, ಸ್ಕ್ರೂ ತಿರುಗಿಸಿ ಕೈಯಾರೆ ಹೊಂದಿಸಬೇಕು, ಅದೂ ಎಂಜಿನ್ 38 ಡಿಗ್ರಿಗಿಂತ ತಣ್ಣಗಿದ್ದಾಗ. ಹಿಂದಿನ ಟೈರ್‌ಗಳು ಒಳ ಅಂಚಿನಲ್ಲಿ ಜಾಸ್ತಿ ಸವೆದಿವೆ, ಅಲೈನ್‌ಮೆಂಟ್ ನೋಡಿಸಬೇಕು. ವಾಲ್ವ್ ಕವರ್ ಗ್ಯಾಸ್ಕೆಟ್ ಆರ್ಡರ್ ಮಾಡಿಯಾಗಿದೆ, ಈ ಸಲ ಬೇರೆ ಅಂಗಡಿಯಲ್ಲಿ.