ನೇರಳೆ ಬೋರ್ಡ್ ನಮಗಲ್ಲ

14 ನವೆಂಬರ್ 2024, ಗುರುವಾರ
ಲಂಡನ್‌ನ ಹೀಥ್ರೋ ವಿಮಾನ ನಿಲ್ದಾಣ, ಟರ್ಮಿನಲ್ 3

ಗೇಟ್ ನಂಬರ್ ಇನ್ನೂ ಬಂದಿಲ್ಲ. ಅಮ್ಮ ಪಕ್ಕದಲ್ಲಿ ಶಾಲು ಹೊದ್ದು ತೂಕಡಿಸುತ್ತಿದ್ದಾಳೆ. ನನಗೆ ನಿದ್ದೆ ಹತ್ತುತ್ತಿಲ್ಲ.

ತಪ್ಪು ನನ್ನದೇ. ಬೆಂಗಳೂರು-ಲಂಡನ್ ಒಂದು ಟಿಕೆಟ್, ಲಂಡನ್-ನ್ಯೂಯಾರ್ಕ್ ಇನ್ನೊಂದು. ಬೇರೆ ಬೇರೆ ತೆಗೆದರೆ ಅಗ್ಗ ಅಂತ ತೆಗೆದಿದ್ದೆ. ಬೆಂಗಳೂರಿನ ಕೌಂಟರಿನಲ್ಲಿ "ಬ್ಯಾಗ್ ಲಂಡನ್‌ವರೆಗೆ ಮಾತ್ರ" ಅಂದಾಗಲೇ ಎದೆ ಧಸಕ್ಕೆಂದಿತು. ಬ್ಯಾಗ್ ಬೇಕಾದರೆ ಇಮಿಗ್ರೇಷನ್ ದಾಟಬೇಕು. ದಾಟೋಕೆ ಬ್ರಿಟನ್ ವೀಸಾ ಬೇಡ್ವಾ?

ಉಳಿಸಿದ್ದು ಅಮೆರಿಕದ ವೀಸಾ. ಅದು ಚಾಲ್ತಿಯಲ್ಲಿದ್ದು, ಮುಂದಿನ ವಿಮಾನದ ಟಿಕೆಟ್ ಕನ್‌ಫರ್ಮ್ ಆಗಿದ್ದರೆ ನಮ್ಮ ಪಾಸ್‌ಪೋರ್ಟಿನವರಿಗೂ ಟ್ರಾನ್ಸಿಟ್ ವೀಸಾ (ನಡುದಾರಿಯಲ್ಲಿ ವಿಮಾನ ಬದಲಿಸೋಕೆ ಬೇಕಾದ ವೀಸಾ) ಬೇಡ. ಮರುದಿನ ರಾತ್ರಿ 11:59ರೊಳಗೆ ಹೊರಡಬೇಕು, ಅಷ್ಟೆ. ಆದರೂ ಬಿಡೋದು ಬಿಡದಿರೋದು ಅಧಿಕಾರಿಯ ಕೈಲಿ. ಅಮೆರಿಕದ ವೀಸಾ ಇಲ್ಲದಿದ್ದರೆ ಇಮಿಗ್ರೇಷನ್ ದಾಟದೆ ಒಳಗೇ ವಿಮಾನ ಬದಲಿಸೋಕೂ ಒಂದು ವೀಸಾ ಬೇಕಿತ್ತು, ಹೊರಗೆ ಬರೋಕೆ ಬೇರೆಯದೇ ಇನ್ನೊಂದು.

ಟರ್ಮಿನಲ್ 5ರಲ್ಲಿ ಇಳಿದಾಗ ಮುಂದಿನ ವಿಮಾನ ಹಿಡಿಯೋರೆಲ್ಲ ನೇರಳೆ ಬಣ್ಣದ ಬೋರ್ಡ್ ನೋಡಿಕೊಂಡು ಹೊರಟರು. ಅವರಿಗೆ ಒಳಗಿಂದಲೇ ಬಸ್. ನಾವು ಇಮಿಗ್ರೇಷನ್ ಕ್ಯೂನಲ್ಲಿ. ಅಮ್ಮ ಎರಡೂ ಕೈಯಲ್ಲಿ ಪಾಸ್‌ಪೋರ್ಟ್ ಹಿಡಿದು, ದೇವಸ್ಥಾನದಲ್ಲಿ ಹಣ್ಣುಕಾಯಿ ತಟ್ಟೆ ಹಿಡಿದ ಹಾಗೆ ನಿಂತಿದ್ದಳು. ಅಧಿಕಾರಿ ವೀಸಾದ ಪುಟ ನೋಡಿದ, ಟಿಕೆಟ್ ನೋಡಿದ. "ಎಷ್ಟು ಹೊತ್ತಿಗೆ ವಿಮಾನ?" ಒಂದೇ ಪ್ರಶ್ನೆ. ಠಪ್ ಅಂತ ಸೀಲ್.

ಆಮೇಲೆ ಬ್ಯಾಗು. ಗುರುತಿಗೆ ಅಮ್ಮ ಹಳೇ ಸೀರೆಯ ಅಂಚು ಕಟ್ಟಿದ್ದಳು, ದೂರದಿಂದಲೇ ಕಾಣಿಸಿತು. ಟರ್ಮಿನಲ್ 3ಕ್ಕೆ ರೈಲು ಪುಕ್ಕಟೆ. ಇಳಿದ ಮೇಲೆ ಸುರಂಗದ ದಾರಿ ಮಾತ್ರ ಮುಗಿಯೋದೇ ಇಲ್ಲ. ಟ್ರಾಲಿ ತಳ್ಳಿ ತಳ್ಳಿ ನನ್ನ ಭುಜ ಸೋತಿತು. ಬೋರ್ಡಿನಲ್ಲಿ 2, 3, 4, 5 ಓದಿ ಅಮ್ಮ "1 ಎಲ್ಲಿ?" ಅಂದಳು. ಅದನ್ನು 2015ರಲ್ಲೇ ಮುಚ್ಚಿದ್ದಾರೆ. ಸದ್ಯ, ಅಲ್ಲಿಗೂ ನಡೆಯೋದು ತಪ್ಪಿತು.

ಮತ್ತೆ ಚೆಕ್-ಇನ್, ಮತ್ತೆ ಸೆಕ್ಯುರಿಟಿ. ಐದೂವರೆ ಗಂಟೆಯಲ್ಲಿ ಮೂರೂವರೆ ಹೀಗೇ ಹೋಯಿತು. ಬೇರೆ ಬೇರೆ ಟಿಕೆಟ್ ತೆಗೆದು ಉಳಿಸಿದ ದುಡ್ಡು ಎಷ್ಟು ಅಂತ ಅಮ್ಮ ಕೇಳಿದಳು. ಒಂಬತ್ತು ಸಾವಿರ ಅಂದೆ. ಸುಮ್ನೆ ನನ್ನ ಮುಖ ನೋಡಿದಳು.

ಕುಳಿತ ಮೇಲೆ ಪಾಸ್‌ಪೋರ್ಟ್ ತೆಗೆದು ಸೀಲಿನ ಮೇಲೆ ಬೆರಳಾಡಿಸಿದಳು. "ಇದು ಬಿತ್ತಲ್ಲ, ನಾನು ಲಂಡನ್‌ಗೂ ಹೋಗಿದ್ದೆ ಅಂತ ಹೇಳಬಹುದು ಅಲ್ವಾ?"

ಗೇಟ್ ನಂಬರ್ ಬಂತು. ದೂರ ಇದೆ. ಎಬ್ಬಿಸಬೇಕು.