ಚಾಮುಂಡಿ ಬೆಟ್ಟ: ಹತ್ತೋದು ಬಸ್ಸಲ್ಲಿ, ಇಳಿಯೋದು ಮೆಟ್ಟಿಲಲ್ಲಿ

ಮೈಸೂರಿಗೆ ಬಂದವರು ಚಾಮುಂಡಿ ಬೆಟ್ಟಕ್ಕೆ ಹೋಗುವಾಗ ಮೊದಲು ದುಡ್ಡು ಕಳೆದುಕೊಳ್ಳುವುದು ರೈಲ್ವೆ ನಿಲ್ದಾಣದ ಹೊರಗೆ. "ಈಗ ಬಸ್ಸಿಲ್ಲ ಸಾರ್, ಹೋಗಿ ಬರೋಕೆ ಇಷ್ಟು ಕೊಡಿ" ಎಂಬ ಆಟೋದವರ ಮಾತಿಗೆ ಕಿವಿಗೊಡಬೇಡಿ. ಬಸ್ಸು ಇದೆ. 201 ನಂಬರಿನ ಬಸ್ಸು ಸಿಟಿ ಬಸ್ ಸ್ಟ್ಯಾಂಡಿನಿಂದ ಬೆಳಗಿನಿಂದಲೇ ಓಡಾಡುತ್ತದೆ. ಈ ಸ್ಟ್ಯಾಂಡ್ ಇರುವುದು ಕೆ.ಆರ್. ಸರ್ಕಲ್ ಪಕ್ಕ, ಅರಮನೆಯ ಮಗ್ಗುಲಲ್ಲೇ. ಬೆಂಗಳೂರಿನ ಬಸ್ಸುಗಳು ನಿಲ್ಲುವ ಸಬರ್ಬನ್ ಸ್ಟ್ಯಾಂಡೇ ಬೇರೆ, ಬೆಟ್ಟದ ಬಸ್ಸು ಹಿಡಿಯಲು ಸಿಟಿ ಸ್ಟ್ಯಾಂಡಿಗೇ ಬರಬೇಕು. ಸಬರ್ಬನ್‌ನಿಂದ ಹಾರ್ಡಿಂಜ್ ಸರ್ಕಲ್ ಕಡೆ ನಡೆದು, ಅಲ್ಲಿ ಬಲಕ್ಕೆ ತಿರುಗಿ ಅರಮನೆಯ ಕೋಟೆ ಗೋಡೆ ಹಿಡಿದು ಹೋದರೆ ಕಾಲು ಗಂಟೆಯ ದಾರಿ. ರೈಲಿನಲ್ಲಿ ಬಂದವರು ಸಿಟಿ ಸ್ಟ್ಯಾಂಡಿನವರೆಗೆ ಮಾತ್ರ ಆಟೋ ಮಾಡಿ.

ಈ ದಾರಿಯಲ್ಲಿ ಎ.ಸಿ. ಬಸ್ಸೂ ಇದೆ, ಸಾಮಾನ್ಯ ಬಸ್ಸೂ ಇದೆ. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲದಿರುವುದು ಸಾಮಾನ್ಯ ಬಸ್ಸಿನಲ್ಲಿ ಮಾತ್ರ, ಅದೂ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ. ಎ.ಸಿ. ಬಸ್ಸು ಹತ್ತಿ ಆಧಾರ್ ತೋರಿಸಿ ಕಂಡಕ್ಟರ್ ಜೊತೆ ವಾದಕ್ಕೆ ನಿಲ್ಲುವುದರಿಂದ ಏನೂ ಆಗುವುದಿಲ್ಲ. ಮುಂದಿನ ಸಾಮಾನ್ಯ ಬಸ್ಸಿಗೆ ಕಾಯಿರಿ. ಹತ್ತುವಾಗ ಕಿಟಕಿ ಪಕ್ಕ ಸೀಟು ಸಿಕ್ಕಿದರೆ ಬಿಡಬೇಡಿ, ತಿರುವುಗಳಲ್ಲಿ ಇಡೀ ಊರು ಕಾಣುತ್ತದೆ.

ಎಲ್ಲಕ್ಕಿಂತ ಮುಖ್ಯ ದೇವಸ್ಥಾನದ ಹೊತ್ತು. ಮಾಮೂಲಿ ದಿನಗಳಲ್ಲಿ ದರ್ಶನ ಬೆಳಿಗ್ಗೆ 7.30ರಿಂದ 2 ಗಂಟೆ, ಮಧ್ಯಾಹ್ನ 3.30ರಿಂದ 6, ಮತ್ತೆ ರಾತ್ರಿ 7.30ರಿಂದ 9. ಸಂಜೆ 6ಕ್ಕೆ ಅಭಿಷೇಕಕ್ಕೆ ಬಾಗಿಲು ಹಾಕಿದರೆ ಒಂದೂವರೆ ಗಂಟೆ ಕಾಯಬೇಕು. ಅರಮನೆ ನೋಡಿ ಮುಗಿಸಿ ಐದೂವರೆಗೆ ಬೆಟ್ಟಕ್ಕೆ ಹೊರಡುವವರು ಸರಿಯಾಗಿ ಈ ಹೊತ್ತಿಗೇ ಸಿಕ್ಕಿಬೀಳುತ್ತಾರೆ. ಒಂದೇ ದಿನದಲ್ಲಿ ಊರೆಲ್ಲ ತೋರಿಸುವ ಖಾಸಗಿ ಪ್ಯಾಕೇಜ್ ವ್ಯಾನುಗಳದ್ದೂ ಇದೇ ಕಥೆ. ಬೆಟ್ಟಕ್ಕೆ ಮುಕ್ಕಾಲು ಗಂಟೆ ಕೊಡುತ್ತಾರೆ, ಭಾನುವಾರ ಅದು ಸಾಲಿನಲ್ಲಿ ನಿಲ್ಲುವುದಕ್ಕೂ ಸಾಲದು. ಕೊನೆಗೆ ಮಹಿಷಾಸುರನ ಮುಂದೆ ಫೋಟೋ ತೆಗೆಸಿಕೊಂಡು ವಾಪಸ್. ವಾರದ ದಿನ, ಬೆಳಗಿನ ಮೊದಲ ಬಸ್ಸುಗಳಲ್ಲಿ ಹೋಗಿ. ಗದ್ದಲ ಸಹಿಸದವರಿಗೆ ಬೇರೆ ದಾರಿಯೇ ಇಲ್ಲ.

ಸ್ವಂತ ಕಾರಿನವರಿಗೆ ಮೇಲೆ ಪಾರ್ಕಿಂಗ್ ಇದೆ, ಹೆಚ್ಚು ಹೇಳುವಂಥದ್ದೇನಿಲ್ಲ. ನಂಜನಗೂಡು, ಊಟಿ ಕಡೆಯಿಂದ ಬರುವವರು ಮಾತ್ರ ಊರೊಳಗೆ ನುಗ್ಗಬೇಡಿ. ಉತ್ತನಹಳ್ಳಿ ಕಡೆಯಿಂದಲೂ ಬೆಟ್ಟಕ್ಕೆ ರಸ್ತೆ ಇದೆ, ದಾರಿಯಲ್ಲಿ ಜ್ವಾಲಾಮುಖಿ ತ್ರಿಪುರಸುಂದರಿಯ ಗುಡಿಯನ್ನೂ ನೋಡಬಹುದು.

ಈಗ ನಂದಿಯ ವಿಷಯ. 201 ಬಸ್ಸು ನಂದಿಯ ಹತ್ತಿರ ಹೋಗುವುದಿಲ್ಲ. ಅಲ್ಲಿಗೆ ಕವಲೊಡೆದು ಹೋಗುವ ರಸ್ತೆ ಬೇರೆ, 2021ರ ಮಳೆಗೆ ಕುಸಿದಿದ್ದು ಅದೇ ರಸ್ತೆ. ನಂದಿ ನೋಡಲು ಸುಲಭದ ದಾರಿ ಮೆಟ್ಟಿಲು. ದೇವಸ್ಥಾನದ ಅಂಗಡಿ ಸಾಲಿನಲ್ಲಿ ಯಾರನ್ನು ಕೇಳಿದರೂ ಮೆಟ್ಟಿಲಿನ ದಾರಿ ತೋರಿಸುತ್ತಾರೆ. ಸುಮಾರು 300 ಮೆಟ್ಟಿಲು ಇಳಿದರೆ ದೊಡ್ಡ ದೇವರಾಜ ಒಡೆಯರ್ ಕಾಲದ ಏಕಶಿಲಾ ನಂದಿ, ಎತ್ತರ ಹತ್ತಿರಹತ್ತಿರ 16 ಅಡಿ. ಕೊರಳಿನ ಗಂಟೆ ಸರಗಳ ಕೆತ್ತನೆಯನ್ನು ಸುತ್ತು ಹಾಕಿ ನಿಧಾನವಾಗಿ ನೋಡಿ. ಪಕ್ಕದ ಬಂಡೆಯ ಕೆಳಗೆ ಶಿವನ ಪುಟ್ಟ ಗುಹೆ ಗುಡಿ ಇದೆ, ಬಹಳ ಜನ ಗಮನಿಸದೆ ಹೋಗುತ್ತಾರೆ.

ಅಲ್ಲಿಂದ ಪಾದದವರೆಗೆ ಇನ್ನೂ 700ರಷ್ಟು ಮೆಟ್ಟಿಲು. ಈ ಭಾಗ ಹೆಚ್ಚು ಕಡಿದು, ಮೆಟ್ಟಿಲುಗಳ ಎತ್ತರವೂ ಒಂದೇ ಸಮ ಇಲ್ಲ. ಹತ್ತುವವರಿಗೆ ಇದೇ ಮೊದಲು ಎದುರಾಗುವುದರಿಂದ ಅಭ್ಯಾಸವಿಲ್ಲದವರು ಇಲ್ಲೇ ಸುಸ್ತಾಗಿ ಕೂರುತ್ತಾರೆ. ಪೂರ್ತಿ ಹತ್ತಲು ಮುಕ್ಕಾಲರಿಂದ ಒಂದು ಗಂಟೆ, ಇಳಿಯಲು ಅರ್ಧ ಗಂಟೆಯ ಮೇಲೆ. ಹರಕೆ ಹೊತ್ತವರು ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿಕೊಂಡು ಹೋಗುತ್ತಾರೆ. ಇಬ್ಬನಿಯೋ ತುಂತುರು ಮಳೆಯೋ ಬಿದ್ದರೆ ಆ ಅರಿಶಿನ ಕಲ್ಲಿನ ಮೇಲೆ ಜಾರುಪದರವಾಗುತ್ತದೆ, ಹಳದಿ ಬಣ್ಣ ಕಂಡಲ್ಲಿ ಕಾಲಿಡದೆ ಮೆಟ್ಟಿಲಿನ ಅಂಚು ಹಿಡಿದು ಇಳಿಯಿರಿ. ಮಧ್ಯಾಹ್ನ ಬರಿಗಾಲಲ್ಲಿ ಬೇಡ, ಕಲ್ಲು ಸುಡುತ್ತದೆ. ಮಂಡಿನೋವಿನವರು ನಂದಿ ನೋಡಿ ಮತ್ತೆ ಮೇಲೆ ಹತ್ತಿ ಬಸ್ಸು ಹಿಡಿಯುವುದೇ ವಾಸಿ, ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಕೈಯಲ್ಲಿ ಪ್ಲಾಸ್ಟಿಕ್ ಕವರು ಹಿಡಿದರೆ ಕೋತಿ ಬಿಡುವುದಿಲ್ಲ, ಪ್ರಸಾದ ಬ್ಯಾಗಿನೊಳಗಿರಲಿ.

ಪಾದದಲ್ಲಿ ಇಳಿದ ಕೂಡಲೇ ಸುತ್ತುವರಿಯುವ ಆಟೋದವರು ದಣಿದ ಮುಖ ನೋಡಿ ರೇಟು ಹೇಳುತ್ತಾರೆ. ಆ್ಯಪಿನಲ್ಲಿ ದರ ನೋಡಿಕೊಂಡು ಮಾತಾಡಿ, ಇಲ್ಲವೇ ಸ್ವಲ್ಪ ದೂರ ನಡೆದು ಹಿಡಿಯಿರಿ. "ರೇಷ್ಮೆ ಸೀರೆ ಅಂಗಡಿ ತೋರಿಸ್ತೀನಿ" ಅಂದರೆ ಆ ಆಟೋ ಬೇಡವೇ ಬೇಡ, ಅಲ್ಲಿನ ಕಮಿಷನ್ ಬರುವುದು ನಿಮ್ಮ ಜೇಬಿನಿಂದಲೇ.

ಆಟೋದವರಿಗೆ ನಜರಬಾದ್ ಎನ್ನಿ, ಮೈಲಾರಿ ದೋಸೆಗೆ. ಆ ಹೆಸರಿನ ಹೋಟೆಲುಗಳು ಅಲ್ಲಿ ಒಂದಕ್ಕಿಂತ ಹೆಚ್ಚಿವೆ, ಯಾವುದು ಮೂಲ ಎಂಬ ಜಗಳ ಮೈಸೂರಿನವರಿಗೇ ಬಿಡಿ. ಗರಿಗರಿ ದೋಸೆ ಬಯಸುವವರಿಗೆ ಇದು ಬೇರೆಯೇ ಅನಿಸಬಹುದು. ಬೆರಳಿಟ್ಟರೆ ತಗ್ಗುವಷ್ಟು ಮೆತ್ತಗೆ, ಒಳಗೆ ಸಾಗು, ಮೇಲೆ ಕರಗುತ್ತಿರುವ ಬೆಣ್ಣೆ, ಪಕ್ಕದಲ್ಲಿ ಕಾಯಿ ಚಟ್ನಿ. ಒಂದು ಯಾರಿಗೂ ಸಾಲದು. ಕೂತ ತಕ್ಷಣ ಎರಡು ಹೇಳಿಬಿಡಿ, ಇಲ್ಲದಿದ್ದರೆ ಎರಡನೆಯದಕ್ಕೆ ಮತ್ತೆ ಕಾಯಬೇಕಾಗುತ್ತದೆ. ಮೆನು ಚಿಕ್ಕದು, ಬೆಲೆಯೂ ಕಡಿಮೆ, ಊರಿನ ದೊಡ್ಡ ಹೋಟೆಲುಗಳ ಉಪಾಹಾರ ಇದರ ಮುಂದೆ ಸಪ್ಪೆ. ಮಧ್ಯಾಹ್ನ ಮುಚ್ಚುತ್ತಾರೆ, ಬೆಳಿಗ್ಗೆಯೇ ಬೆಟ್ಟ ಮುಗಿಸಲು ಇದೂ ಒಂದು ಕಾರಣ.

ಆಷಾಢ ಶುಕ್ರವಾರಗಳಲ್ಲಿ ಮೇಲಿನ ಲೆಕ್ಕ ಯಾವುದೂ ನಡೆಯುವುದಿಲ್ಲ. ಖಾಸಗಿ ವಾಹನಗಳನ್ನು ಮೇಲೆ ಬಿಡುವುದಿಲ್ಲ, ಲಲಿತ್ ಮಹಲ್ ಹೆಲಿಪ್ಯಾಡ್ ಮೈದಾನದಲ್ಲಿ ಗಾಡಿ ನಿಲ್ಲಿಸಿ ಅಲ್ಲಿಂದ ಸಾರಿಗೆ ಬಸ್ಸಿನಲ್ಲಿ ಹೋಗಬೇಕು. ದೇವಿಗೆ ಹರಕೆ ಇದ್ದವರು ಬೆಳಗಿನ ಜಾವವೇ ಹೊರಡಿ. ಬೆಟ್ಟ ನೋಡಲು ಬರುವವರು ಶ್ರಾವಣ ಕಳೆಯುವವರೆಗೆ ಕಾಯಿರಿ.